ಲೊವೆಲ್‌ನ ಗಾಡಿಗೆ ಹೊಸ ಹೀಟರ್

ಟಾರ್ನಬಿ ಊರಿನ ಕೃಷಿ ಪ್ರದರ್ಶನದ ಮೈದಾನಕ್ಕೆ ಲೊವೆಲ್ ತನ್ನ ಹೊಸ ಹೆಂಡತಿಯನ್ನೂ ಹೊಸ ಮೋಟಾರ್‌ಹೋಮನ್ನೂ ಒಟ್ಟಿಗೇ ಕರೆತಂದಾಗ, ಅವನ ಹಳೇ ಹೆಂಡತಿ ಆರ್ಡಿಸ್ ತನ್ನ ಪುಟ್ಟ ಟ್ರೇಲರಿನ ಮೆಟ್ಟಿಲ ಮೇಲೆ ಕೂತು ಬೂಟಿಗೆ ಮೆತ್ತಿದ್ದ ಕಪ್ಪು ಕೆಸರನ್ನು ಚಾಕುವಿನಿಂದ ಕೆರೆಯುತ್ತಿದ್ದಳು. ಬಸ್ಸಿನಷ್ಟು ಉದ್ದದ, ಒಳಗೇ ಮನೆಯಿರುವ ಗಾಡಿ. ಪಕ್ಕದಲ್ಲಿ ಕಂದು ಬಣ್ಣದ ಅಲೆ ಅಲೆ ಚಿತ್ತಾರ, ಯಾರೋ ಸಾರಿನ ಪಾತ್ರೆ ಎತ್ತಿಹಾಕಿದ ಹಾಗೆ. ಅದನ್ನು ಜಾಗಕ್ಕೆ ನಿಲ್ಲಿಸಲು ನಾಲ್ಕು ಜನ ಗಂಡಸರು ನಾಲ್ಕು ಕಡೆ ನಿಂತು ನಾಲ್ಕು ಥರ ಕೈ ಬೀಸಿದರು. ಲೊವೆಲ್ ಎಲ್ಲರಿಗೂ ತಲೆಯಾಡಿಸಿ, ಕೊನೆಗೆ ಕರೆಂಟಿನ ಕಂಬಕ್ಕೆ ಹಿಂಬದಿ ತಾಗಿಸಿ ನಿಲ್ಲಿಸಿದ. ಇಳಿದು ಬಂದು, ಕಂಬವನ್ನು ತಪ್ಪು ಜಾಗದಲ್ಲಿ ನೆಟ್ಟಿದ್ದಾರೆ ಅಂದ.

ಆರ್ಡಿಸ್ ಮುಖ ಎತ್ತಲಿಲ್ಲ. ಆ ಧ್ವನಿಯನ್ನು ಗುರುತಿಸಲು ಮುಖ ನೋಡಬೇಕಾಗಿರಲಿಲ್ಲ.

ಪ್ರತಿ ಅಕ್ಟೋಬರಿಗೂ ಅವಳು ಇಲ್ಲಿಗೆ ಬರುತ್ತಿದ್ದಳು. ರೆಡ್ ನದಿಯ ಬಯಲಿನಲ್ಲಿ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಕಟಾವು ಶುರುವಾದರೆ ಕೈಗಳು ಸಾಲುವುದಿಲ್ಲ. ಗಾಡಿಗಳಲ್ಲೇ ಸಂಸಾರ ಮಾಡುವ ನಿವೃತ್ತರು, ಅಲೆಮಾರಿಗಳು, ಮಕ್ಕಳ ಜೊತೆ ಮಾತು ಬಿಟ್ಟವರು, ಬೆನ್ನು ಇನ್ನೂ ಬಾಗುತ್ತದೆ ಎಂದು ನಂಬಿದವರು ಎಲ್ಲ ಬಂದು ಸೇರುತ್ತಾರೆ. ಲಾರಿಗಳು ಸುರಿದ ಗೆಡ್ಡೆಗಳನ್ನು ಯಂತ್ರ ಗುಡ್ಡದ ಹಾಗೆ ಪೇರಿಸುತ್ತದೆ. ಇವರು ಕೆಳಗೆ ನಿಂತು ಲಾರಿಗಳಿಗೆ ದಾರಿ ತೋರಿಸುತ್ತ, ಚೆಲ್ಲಿದ್ದನ್ನು ಬಾಚುತ್ತ, ಕೆಸರು ಗೋರುತ್ತ ಹನ್ನೆರಡು ತಾಸು ದುಡಿಯುತ್ತಾರೆ. ಆರ್ಡಿಸ್‌ಗೆ ಆ ಕೆಲಸ ಇಷ್ಟ. ಅಲ್ಲಿ ಯಂತ್ರದ ಸದ್ದಿಗೆ ಯಾರ ಮಾತೂ ಕೇಳಿಸುವುದಿಲ್ಲ.

ಅವಳು ಮೊದಲು ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿದ್ದವಳು. ಲೊವೆಲ್ ಸೋಫಾ ಮಾರುತ್ತಿದ್ದ. ಇಬ್ಬರೂ ಇಪ್ಪತ್ತಾರು ವರ್ಷ ಬಾಳಿದರು, ಅದರಲ್ಲಿ ಕೊನೆಯ ಒಂಬತ್ತು ಗಾಡಿಯಲ್ಲೇ. ಗಾಡಿಯಲ್ಲಿ ಏನೇ ಕೆಡಲಿ, ಅಂಗಾತ ಮಲಗಿ ಅಡಿಗೆ ನುಸುಳುತ್ತಿದ್ದವಳು ಅವಳು; ಟಾರ್ಚ್ ಹಿಡಿಯುತ್ತಿದ್ದವನು ಅವನು. ಅದನ್ನಾದರೂ ನೆಟ್ಟಗೆ ಹಿಡಿದನೇ ಅಂದರೆ ಅದೂ ಇಲ್ಲ. ದಾರಿಯಲ್ಲಿ ಯಾರಾದರೂ ಸುಳಿದರೆ ಬೆಳಕು ಅವರ ಮುಖದ ಕಡೆಗೆ ಹೊರಳುತ್ತಿತ್ತು. ಅವಳು ಕತ್ತಲಲ್ಲಿ ಸ್ಕ್ರೂ ತಡಕುತ್ತಿದ್ದರೆ, ಹೊರಗೆ ಅವನು ‘ಹೂಂ, ಸ್ವಲ್ಪ ರಿಪೇರಿ ಇಟ್ಕೊಂಡಿದ್ದೀನಿ’ ಅನ್ನುವುದು ಕೇಳಿಸುತ್ತಿತ್ತು. ವಿಚ್ಛೇದನದ ದಿನ ವಕೀಲರು ಕಾರಣ ಕೇಳಿದಾಗ ಅವಳು ‘ಟಾರ್ಚು’ ಅಂದಿದ್ದಳು. ವಕೀಲರು ಹೊಂದಾಣಿಕೆಯಿಲ್ಲ ಎಂದು ಬರೆದುಕೊಂಡರು.

ಬಂದ ಸಂಜೆಯೇ ಲೊವೆಲ್ ಅವಳ ಟ್ರೇಲರಿನ ಮುಂದೆ ಹಾಜರಾದ. ತಲೆಯ ಮೇಲೆ ಹೊಸ ಉಣ್ಣೆ ಟೋಪಿ, ಮುಖದಲ್ಲಿ ಸೋಫಾ ಮಾರುವ ನಗು.

“ಆರ್ಡಿಸ್, ನೀನೂ ಇಲ್ಲೇ ಇದ್ದೀಯ? ಎಂಥ ಯೋಗಾಯೋಗ ನೋಡು.”

“ಯೋಗಾಯೋಗ ಏನು ಬಂತು, ನಾನು ಪ್ರತಿ ವರ್ಷ ಇಲ್ಲಿಗೆ ಬರ್ತೀನಿ. ಅದು ನಿಂಗೆ ಗೊತ್ತು.”

“ಮರೆತಿದ್ದೆ ಕಣೇ.”

“ನಿಂಗೆ ಬೀಟ್ ಕೆಲ್ಸ ಆಗಲ್ಲ, ಲೊವೆಲ್. ಅದ್ರಲ್ಲಿ ನಿಂತ್ಕೋಬೇಕು.”

ಅವನು ನಕ್ಕ. ಅವಳ ಮಾತಿಗೆಲ್ಲ ಹೀಗೇ ನಗುತ್ತಿದ್ದ; ಗೋಡೆಗೆ ಚೆಂಡು ಎಸೆದ ಹಾಗೆ ಅವಳ ತಿರಸ್ಕಾರ ಅವಳಿಗೇ ವಾಪಸು ಬರುತ್ತಿತ್ತು. ಹೆಂಡತಿಯ ಹೆಸರು ಕೊರಿನ್ ಅಂತಲೂ, ಅವಳ ಮೊದಲ ಗಂಡ ತೀರಿಹೋಗಿದ್ದಾನೆ ಅಂತಲೂ, ಗಾಡಿ ಅವಳದು ಅಂತಲೂ ಹೇಳಿದ. ಕೊನೆಯದನ್ನು ಸ್ವಲ್ಪ ಮೆಲ್ಲಗೆ ಹೇಳಿದ.

ಒಂದು ವಾರ ಕೆಲಸ ಚೆನ್ನಾಗಿ ನಡೆಯಿತು. ಆಮೇಲೆ ಉತ್ತರದಿಂದ ಚಳಿ ಇಳಿಯಿತು. ಮೊದಲ ಸಂಜೆಯೇ ಮೇಸ್ತ್ರಿ ರಾಶಿಯಿಂದ ಒಂದು ಗೆಡ್ಡೆ ತೆಗೆದು ಸೀಳಿ ನೋಡಿದ. ಒಳಗೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಹೆಪ್ಪುಗಟ್ಟಿದ ಗೆಡ್ಡೆ ರಾಶಿಯಲ್ಲಿ ಕೊಳೆಯುತ್ತದೆ, ಪಕ್ಕದ್ದನ್ನೂ ಕೊಳೆಸುತ್ತದೆ. ಬಿಸಿಲು ಬರುವವರೆಗೆ ಕಟಾವು ಬಂದ್ ಎಂದು ಎಲ್ಲರನ್ನೂ ಕಳಿಸಿಬಿಟ್ಟ.

ಹಾಗಾಗಿ ಮರುದಿನ ಬೆಳಿಗ್ಗೆ ಇಡೀ ಮೈದಾನಕ್ಕೆ ಮಾಡಲು ಕೆಲಸವಿರಲಿಲ್ಲ. ಕೆಲಸವಿಲ್ಲದ ಗಂಡಸರು ಎಲ್ಲಿ ಸೇರುತ್ತಾರೆಂದು ಆರ್ಡಿಸ್‌ಗೆ ಚೆನ್ನಾಗಿ ಗೊತ್ತಿತ್ತು: ಯಾರದಾದರೂ ಗಾಡಿಯ ಬಾಗಿಲು ತೆರೆದಿರುವ ಕಡೆ. ಅವಳು ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ಲೊವೆಲ್‌ನ ಗಾಡಿಯ ಪಕ್ಕದಲ್ಲಿ ಆರೇಳು ಬೆನ್ನುಗಳು ಕಂಡವು. ಗಾಡಿಯ ಹೊಟ್ಟೆಯಲ್ಲಿ ಸಾಮಾನು ಇಡುವ ಗೂಡುಗಳ ಸಾಲಿರುತ್ತದಲ್ಲ, ಅದರಲ್ಲಿ ನೀರಿನ ಪಂಪು, ಪೈಪುಗಳಿರುವ ಗೂಡಿನ ಬಾಗಿಲು ಮೇಲಕ್ಕೆ ಎತ್ತಿತ್ತು. ಎಲ್ಲರೂ ಅದರೊಳಗೆ ಬಗ್ಗಿ ನೋಡುತ್ತಿದ್ದರು. ಒಬ್ಬನೂ ಒಳಗೆ ಕೈ ಹಾಕಿರಲಿಲ್ಲ.

ಲೊವೆಲ್ ಅವಳನ್ನು ನೋಡಿದ ಕೂಡಲೇ ಗುಂಪು ಬಿಟ್ಟು ಬಂದ. “ಗೂಡಿನ ಹೀಟರ್ ಕೈ ಕೊಡ್ತು, ಆರ್ಡಿಸ್. ನೀರೆಲ್ಲ ಗಟ್ಟಿ. ನಲ್ಲಿ ತಿರುಗಿಸಿದ್ರೆ ಕೆಮ್ಮತ್ತೆ ಅಷ್ಟೇ.”

“ಯಾವಾಗ ಕೈ ಕೊಡ್ತು?”

“ನಿನ್ನೆ ಮಧ್ಯಾಹ್ನವೇ ಗೊತ್ತಾಯ್ತು. ಸುಮ್ನೆ ಕೂರ್ಲಿಲ್ಲ ನಾನು. ಹಾಲಿಸ್‌ನ ಕೇಳ್ದೆ. ಒಂದು ದೀಪ ತೂಗುಹಾಕು, ಅದ್ರ ಬಿಸಿಗೇ ಗೂಡು ಬೆಚ್ಚಗಿರತ್ತೆ ಅಂದ. ತೂಗುಹಾಕ್ದೆ. ರಾತ್ರಿಯೆಲ್ಲ ಉರೀತು. ಆದ್ರೂ ಹೀಗಾಯ್ತು.”

ಹಾಲಿಸ್ ಎಂಬ ಟೆಕ್ಸಸ್‌ನ ಮುದುಕ ಅಲ್ಲಿಂದಲೇ ಕೂಗಿದ: “ಮೇಡಂ, ನಮ್ಮಪ್ಪ ಕೋಳಿಗೂಡಿಗೂ ಅದನ್ನೇ ಮಾಡ್ತಿದ್ದ. ಒಂದು ಮರೀನೂ ಸತ್ತಿಲ್ಲ.”

ಆರ್ಡಿಸ್ ಲೋಟ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಮುಂದೆ ಹೋಗಿ, ಬೆನ್ನುಗಳ ಸಂದಿಯಿಂದ ಇಣುಕಿದಳು. ಗೂಡಿನ ಮಧ್ಯೆ ದೀಪ ಇನ್ನೂ ಉರಿಯುತ್ತಿತ್ತು. ಬೆಳ್ಳಗೆ, ಪ್ರಖರವಾಗಿ. ಎಲ್‌ಇಡಿ ಬಲ್ಬು. ಅದರ ಬೆಳಕಿನಲ್ಲಿ ಪೈಪುಗಳ ಮೇಲಿನ ಮಂಜಿನ ಹರಳುಗಳು ಮದುವೆ ಮನೆಯ ಅಲಂಕಾರದ ಹಾಗೆ ಮಿನುಗುತ್ತಿದ್ದವು. ಅವಳು ಬೆರಳ ತುದಿಯಿಂದ ಬಲ್ಬು ಮುಟ್ಟಿದಳು. ತಣ್ಣಗಿತ್ತು.

“ಫ್ರಿಜ್ಜಿನೊಳಗೂ ದೀಪ ಇರತ್ತೆ, ಲೊವೆಲ್,” ಅಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಾಲಿಸ್‌ಗೆ ಮೊದಲೇ ಆಯಿತು. ನಾನು ಹೇಳಿದ್ದು ಹಳೇ ಬಲ್ಬು, ಹಳೇ ಬಲ್ಬು, ಎಂದು ಎಲ್ಲರಿಗೂ ಹೇಳತೊಡಗಿದ.

“ಸರಿ, ಈಗೇನ್ ಮಾಡೋದು?” ಅಂದ ಲೊವೆಲ್.

“ನೀನೇನ್ ಮಾಡ್ತೀಯೋ ನಂಗೆ ಗೊತ್ತಿಲ್ಲ. ನಾನು ಕಾಫಿ ಕುಡೀತೀನಿ. ನಿನ್ನ ಗಾಡಿ, ನಿನ್ನ ಹೆಂಡ್ತಿ, ನಿನ್ನ ಮಂಜುಗಡ್ಡೆ.”

ವಾಪಸು ಬಂದು ಬಾಗಿಲು ಹಾಕಿಕೊಂಡಳು. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು. ಅಲ್ಲಿ ಆರು ಗಂಡಸರು, ಎಲ್ಲರ ಗಾಡಿಯಲ್ಲೂ ಪೆಟ್ಟಿಗೆ ತುಂಬ ಸ್ಪ್ಯಾನರುಗಳು, ಒಬ್ಬನಿಗೂ ಬಲ್ಬು ಮುಟ್ಟಿ ನೋಡಬೇಕು ಅನ್ನಿಸಲಿಲ್ಲ. ಅದನ್ನು ನೆನೆಸಿಕೊಂಡು ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡಳು.

ಬಾಗಿಲು ತಟ್ಟಿದ್ದು ಕೊರಿನ್. ತೆಳ್ಳಗೆ, ನೆಟ್ಟಗೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬೂದು ಕೋಟು. ಕೈಯಲ್ಲಿ ಖಾಲಿ ಕೆಟಲು.

“ನೀರು ಬೇಕಿತ್ತು,” ಅಂದಳು. “ರಿಪೇರಿ ವಿಷ್ಯಕ್ಕೆ ಬಂದಿಲ್ಲ. ಚಹಾಕ್ಕೆ.”

ಆರ್ಡಿಸ್ ಒಳಗೆ ಕರೆದಳು. ಕರೆಯದೆ ಇರಲು ಆಗದಷ್ಟು ಚಳಿಯಿತ್ತು. ಕೊರಿನ್ ಬೆಂಚಿನ ತುದಿಯಲ್ಲಿ ಕೂತು ಟ್ರೇಲರನ್ನು ಒಂದು ಸಲ ಸುತ್ತ ನೋಡಿದಳು. ಆ ನೋಟದಲ್ಲಿ ಮೆಚ್ಚುಗೆಯೂ ಇರಲಿಲ್ಲ, ಅಸಹ್ಯವೂ ಇರಲಿಲ್ಲ. ಅಳತೆ ಇತ್ತು.

“ನೀವು ಮೊದ್ಲು ಏನ್ ಕೆಲ್ಸ ಮಾಡ್ತಿದ್ರಿ?” ಎಂದು ಆರ್ಡಿಸ್ ಕೇಳಿದಳು, ಸುಮ್ಮನೆ ಕೂರಲಾಗದೆ.

“ನನ್ನ ಮೊದಲ್ನೇ ಗಂಡನ ಜೊತೆ ಶವಸಂಸ್ಕಾರದ ಮನೆ ನಡೆಸ್ತಿದ್ದೆ. ಹೆಣಗಳಿಗೆ ತಲೆ ಬಾಚೋದು, ಬಟ್ಟೆ ತೊಡಿಸೋದು ನನ್ನ ಕೆಲ್ಸ. ಗಂಡನೂ ಜಾಸ್ತಿ ಮಾತಾಡ್ತಿರ್ಲಿಲ್ಲ. ಜೀವಮಾನವೆಲ್ಲ ಬಾಯಿ ಮುಚ್ಚಿರೋ ಜನರ ಜೊತೆ ಕಳೆದಾಯ್ತು, ಇನ್ನು ಒಬ್ಬ ಮಾತಾಡೋನು ಇರ್ಲಿ ಅನ್ನಿಸ್ತು.”

“ಒಳ್ಳೆ ಆಸಾಮೀನೇ ಹುಡುಕಿದ್ರಿ.”

“ಹೌದು. ನಿಲ್ಲಿಸೋದೇ ಇಲ್ಲ.” ಕೊರಿನ್ ಕೈಗವಸು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಅವ್ನು ಎಂಥೋನು ಅಂತ ನಂಗೆ ಗೊತ್ತು. ದಡ್ಡ ಅಲ್ಲ, ಸೋಮಾರಿ. ಜಂಬ. ಕೆಲ್ಸಕ್ಕೆ ಬರಲ್ಲ. ನಂಗೆ ಕೆಲ್ಸಕ್ಕೆ ಬೇಕಾಗೂ ಇಲ್ಲ. ನನ್ನ ಒಂದು ಕಣ್ಣು ಮಂಜಾಗಿದೆ, ಅವ್ನು ಗಾಡಿ ಓಡಿಸ್ತಾನೆ. ಸಂಜೆ ನಗಿಸ್ತಾನೆ. ಸಾಕು. ಆದ್ರೆ ನಿಮ್ಮನ್ನ ನೋಡಿದ್ಮೇಲೆ ನಂಗೊಂದು ಪ್ರಶ್ನೆ ಬಂತು.”

“ಏನು?”

“ನಿಮ್ಗೆ ಅವನ ಮೇಲೆ ಇಷ್ಟು ತಾತ್ಸಾರ. ಎರಡು ನಿಮಿಷ ನೋಡಿದ್ರೆ ಸಾಕು, ಅವ್ನು ಏನು ಅಂತ ಯಾರಿಗಾದ್ರೂ ತಿಳಿಯತ್ತೆ. ನಿಮ್ಮಂಥ ಜಾಣೆ ಇಪ್ಪತ್ತಾರು ವರ್ಷ ಏನ್ ಮಾಡ್ತಾ ಕೂತಿದ್ರಿ?”

ಲೊವೆಲ್‌ನನ್ನು ಹೀನಾಯವಾಗಿ ನೋಡುವ ಹಕ್ಕು ತನ್ನೊಬ್ಬಳದೇ ಎಂದು ಆರ್ಡಿಸ್ ತಿಳಿದಿದ್ದಳು. ಈಗ ಈ ಹೆಂಗಸು ಅದೇ ಹಕ್ಕನ್ನು ಕೆಟಲಿನಷ್ಟು ಸಲೀಸಾಗಿ ಕೈಯಲ್ಲಿ ಹಿಡಿದು ಬಂದು, ಅವಳನ್ನೂ ಆ ತಾತ್ಸಾರದೊಳಗೆ ಸೇರಿಸಿಬಿಟ್ಟಿದ್ದಳು.

“ಅಷ್ಟೊಂದು ನಿಷ್ಪ್ರಯೋಜಕ ಏನಲ್ಲ ಅವ್ನು,” ಅಂದಳು. ತನ್ನ ಬಾಯಿಂದ ಬಂದ ಮಾತು ತನಗೇ ಅಪರಿಚಿತವೆನಿಸಿತು. “ನಮ್ಮಮ್ಮ ಸಾಯೋವಾಗ ಹಿಮಗಾಳೀಲಿ ಆಸ್ಪತ್ರೆವರೆಗೆ ಗಾಡಿ ಓಡಿಸಿದ್ದು ಅವ್ನೇ. ಹೆದ್ದಾರಿ ಮುಚ್ಚಿದ್ರು. ಪೊಲೀಸ್ನೋರ ಹತ್ರ ಏನ್ ಮಾತಾಡಿದ್ನೋ, ಬಿಟ್ರು. ಅಮ್ಮ ಕೊನೇ ವಾರ ನಕ್ಕಿದ್ರೆ ಅದು ಅವನಿಂದ.”

“ಅದೇ ಮತ್ತೆ,” ಅಂದಳು ಕೊರಿನ್. “ನಾನೂ ಅಷ್ಟೇ ಹೇಳಿದ್ದು. ನಗಿಸ್ತಾನೆ.” ಕೆಟಲು ತುಂಬಿಸಿಕೊಂಡು ಎದ್ದಳು. “ಗೂಡಿನ ವಿಷ್ಯ ಬಿಡಿ. ಗ್ರ್ಯಾಂಡ್ ಫೋರ್ಕ್ಸ್ ಪೇಟೆಯಿಂದ ಮೆಕ್ಯಾನಿಕ್‌ನ ಕರೆಸ್ತೀನಿ. ಮುಂದಿನ ವಾರ ಬರ್ತಾನಂತೆ.”

“ಮುಂದಿನ ವಾರದ ಹೊತ್ತಿಗೆ ನಿಮ್ಮ ಪಂಪು ಸೀಳಿಹೋಗಿರತ್ತೆ.”

“ಸೀಳ್ಲಿ. ಬೇರೆ ಹಾಕಿಸ್ತೀನಿ.”

ಹಾಗೆ ಹೇಳಿ ಹೊರಟೇಹೋದಳು. ಆರ್ಡಿಸ್‌ಗೆ ಸಿಟ್ಟು ಬಂತು. ಬೇಡಿಕೊಂಡಿದ್ದರೆ ಇಲ್ಲವೆಂದು ಹೇಳಿ ನೆಮ್ಮದಿಯಾಗಿರಬಹುದಿತ್ತು. ಬೇಡದವರಿಗೆ ಇಲ್ಲ ಅನ್ನುವುದು ಹೇಗೆ? ಒಳ್ಳೆಯ ಪಂಪೊಂದನ್ನು ಸುಮ್ಮನೆ ಸೀಳಲು ಬಿಡುವ ಜನರ ಮೇಲೆ ಅವಳಿಗೆ ಗಂಡಂದಿರ ಮೇಲಿರುವುದಕ್ಕಿಂತ ಹೆಚ್ಚು ಕೋಪ. ಉಪಕರಣದ ಪೆಟ್ಟಿಗೆಯನ್ನೂ ತಲೆಗೂದಲು ಒಣಗಿಸುವ ಯಂತ್ರವನ್ನೂ ತೆಗೆದುಕೊಂಡು ಹೊರಟಳು.

“ದಾರಿ ಬಿಡಿ,” ಎಂದು ಬೆನ್ನುಗಳಿಗೆ ಹೇಳಿದಳು. ಬೆನ್ನುಗಳು ಸರಿದವು.

ಗೂಡಿನ ತುಂಬ ಲೊವೆಲ್‌ನ ಸಾಮಾನು. ಮಡಿಸುವ ಕುರ್ಚಿಗಳು, ಮೀನು ಹಿಡಿಯುವ ಕೋಲು, ಗಾಡಿಯ ಮುಂದೆ ಹಾಸುವ ಹಸಿರು ನಕಲಿ ಹುಲ್ಲಿನ ಚಾಪೆ. ಅವಳು ಒಂದೊಂದನ್ನೇ ಎಳೆದು ಅವನ ಕಾಲ ಬಳಿ ಎಸೆದಳು. ಚಾಪೆಯನ್ನು ಸುರುಳಿ ಸುತ್ತಿ ಒಳಗೋಡೆಗೆ ಒತ್ತಿ ತುರುಕಿದ್ದರು. ಅದರ ಹಿಂದೆ, ಗೋಡೆಗೆ ಅಂಟಿಕೊಂಡು, ಹೀಟರ್ ಇತ್ತು. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಪುಟ್ಟ ಫ್ಯಾನು. ಫ್ಯಾನಿನ ಬಾಯಿಗೆ ಹಸಿರು ನಾರು ಮೆತ್ತಿ ಉಂಡೆಯಾಗಿತ್ತು. ಹಿಂದಿನ ಪ್ಲಗ್ಗು ಕರಗಿ ಕಪ್ಪಗಾಗಿ, ಸುಟ್ಟ ವಾಸನೆ ಬರುತ್ತಿತ್ತು. ಚಾಪೆಯ ಅಂಚಿನಲ್ಲೂ ಅಂಗೈಯಗಲ ಕಂದು ಕಲೆ.

ಅವಳು ಚಾಪೆಯನ್ನು ಎತ್ತಿ ಲೊವೆಲ್‌ನ ಮೂಗಿನ ಹತ್ತಿರ ಹಿಡಿದಳು. “ಮೂಸಿ ನೋಡು.”

ಮೂಸಿದ.

“ಹೀಟರ್ ಕೈ ಕೊಟ್ಟಿದ್ದಲ್ಲ. ನೀನು ಅದ್ರ ಬಾಯಿಗೆ ಚಾಪೆ ತುರುಕಿ ಉಸಿರು ಕಟ್ಟಿಸಿದ್ದು. ಅದು ಸಾಯದೇ ಇದ್ದಿದ್ರೆ ಚಾಪೆಗೆ ಬೆಂಕಿ ಹಿಡೀತಿತ್ತು. ಮೇಲೆ ಮಲಗೋದು ಯಾರು?”

“ನಾವು,” ಅಂದ ಲೊವೆಲ್. ಈ ಸಲ ನಗಲಿಲ್ಲ.

“ಹೀಟರಿಗೆ ಇರೋ ಬುದ್ಧಿ ನಿಂಗಿಲ್ಲ. ಅದು ತಾನು ಸತ್ತು ನಿಮ್ಮಿಬ್ರನ್ನ ಉಳಿಸ್ತು.”

ಕೂದಲೊಣಗಿಸುವ ಯಂತ್ರ ಹಚ್ಚಿ ಪಂಪಿನ ಸುತ್ತ ಮೆಲ್ಲಗೆ ಬಿಸಿ ಗಾಳಿ ಬಿಡುತ್ತ ಮಂಡಿಯೂರಿದಳು. ಪಂಪು ಬದುಕಿತ್ತು. ಅದರ ಮುಂದಿನ, ನೀರು ಸೋಸುವ ಪ್ಲಾಸ್ಟಿಕ್ ಬಟ್ಟಲು ಮಾತ್ರ ಬಿರುಕು ಬಿಟ್ಟಿತ್ತು. ಹೊಸ ಹೀಟರೂ ಬಟ್ಟಲೂ ಇವತ್ತೇ ತರಬೇಕು, ಇವತ್ತೇ ಹಾಕಬೇಕು. ಅವಳು ಪೆಟ್ಟಿಗೆ ಮುಚ್ಚಿ ತನ್ನ ಪಿಕಪ್ ಕಡೆ ನಡೆದಳು. ಗೂಡನ್ನು ನೋಡಿಕೊಳ್ಳಲು ಯಂತ್ರವನ್ನು ಹಾಲಿಸ್‌ನ ಕೈಗೆ ಕೊಟ್ಟು, ಒಂದೇ ಕಡೆ ಹಿಡಿಯಬೇಡ, ಆಡಿಸುತ್ತಿರು ಎಂದು ಎರಡು ಸಲ ಹೇಳಿದಳು. ಲೊವೆಲ್ ಹಿಂದೆಯೇ ಬಂದ. ಕೊರಿನ್ ಚಹಾದ ಫ್ಲಾಸ್ಕ್ ಹಿಡಿದು ಅವನ ಹಿಂದೆ ಬಂದಳು. ಯಾರೂ ಕರೆದಿರಲಿಲ್ಲ. ಒಂದೇ ಸೀಟಿನಲ್ಲಿ ಮೂವರೂ ಕೂತರು, ಮಧ್ಯೆ ಲೊವೆಲ್, ಗೇರಿನ ಕೋಲು ಅವನ ಮಂಡಿಗಳ ನಡುವೆ.

ಗ್ರ್ಯಾಂಡ್ ಫೋರ್ಕ್ಸ್‌ವರೆಗೂ ಅವನು ಮಾತಾಡಿದ. ಬೀಟ್ ಬೆಳೆಯ ಬಗ್ಗೆ, ಕೆನಡಾದವರ ಬಗ್ಗೆ, ಒಮ್ಮೆ ಬಿಷಪ್ ಒಬ್ಬರಿಗೆ ಮಾರಿದ ಸೋಫಾದ ಬಗ್ಗೆ. ಬಿಷಪ್ಪರ ಕತೆ ಆರ್ಡಿಸ್ ಎಷ್ಟು ಸಲ ಕೇಳಿದ್ದಳೋ. ಕೊರಿನ್ ಕೇಳಿದ್ದು ಇದೇ ಮೊದಲಿರಬೇಕು. ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರೂ ಹೆಗಲು ಕುಲುಕುತ್ತಿತ್ತು. ಕತೆಯ ಕೊನೆಯ ಸಾಲು ಬರುವ ಮೊದಲೇ ಆರ್ಡಿಸ್‌ನ ತುಟಿಯೂ ಅಲುಗಿತು. ಅವಳು ಕನ್ನಡಿ ಸರಿಮಾಡುವ ನೆವದಲ್ಲಿ ಅದನ್ನು ಅಡಗಿಸಿದಳು.

ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಕಟ್ಟೆಯ ಹಿಂದಿದ್ದವನು ಇಬ್ಬರು ಹೆಂಗಸರನ್ನು ದಾಟಿ ಲೊವೆಲ್‌ನ ಮುಖ ನೋಡಿದ. “ಹೇಳಿ ಸಾರ್, ಎಂಥದ್ದು ಬೇಕು?”

“ಗೂಡಿಗೆ ಹೀಟರ್,” ಅಂದ ಲೊವೆಲ್. “ಇರೋದ್ರಲ್ಲೇ ದೊಡ್ಡದು.”

“ದೊಡ್ಡದು ಹಾಕಿ ಏನು, ಅದ್ರೊಳಗೆ ಬ್ರೆಡ್ ಸುಡ್ತೀಯಾ?” ಅಂದಳು ಆರ್ಡಿಸ್. ಅಂಗಡಿಯವನ ಕಡೆ ತಿರುಗಿ, “ಹಳೇದರಷ್ಟೇ ದೊಡ್ಡದು. ಚಳಿ ಬಿದ್ದಾಗ ತಾನೇ ಹತ್ತಿ, ಬೆಚ್ಚಗಾದ ಮೇಲೆ ತಾನೇ ಆರೋದು. ಮುಂದೆ ಹಾಕೋಕೆ ಕಬ್ಬಿಣದ ಜಾಲರಿ ಬೇಕು, ಏನೂ ಬಂದು ತಾಗಬಾರ್ದು. ಪಂಪಿನ ಸೋಸು ಬಟ್ಟಲು ಒಂದು. ಮತ್ತೆ, ಮಾತಾಡೋದಿದ್ರೆ ನನ್ನ ಮುಖ ನೋಡಿ ಮಾತಾಡಿ. ನನ್ನ ಮುಖ ಇಲ್ಲಿದೆ.”

ಅವನು ನೋಡಿದ. ಕೊರಿನ್ ಚೀಲದಿಂದ ಕಾರ್ಡು ತೆಗೆದು ಕಟ್ಟೆಯ ಮೇಲಿಟ್ಟಳು. ಲೊವೆಲ್ ಅಷ್ಟರಲ್ಲಿ ಇನ್ನೊಬ್ಬ ಗಿರಾಕಿಯ ಹತ್ತಿರ ನಿಂತು, ಈ ಗೂಡಿನ ಹೀಟರುಗಳ ಬಗ್ಗೆ ಎಚ್ಚರ ಬೇಕು, ಸಾಮಾನು ಒತ್ತಿದರೆ ಅಪಾಯ, ಜನಕ್ಕೆ ಗೊತ್ತಿರಲ್ಲ ನೋಡಿ, ಎಂದು ತಿಳಿಹೇಳುತ್ತಿದ್ದ.

ವಾಪಸು ಬರುವ ಹೊತ್ತಿಗೆ ಹಾಲಿಸ್ ಪಂಪನ್ನು ಪೂರ್ತಿ ಕರಗಿಸಿದ್ದ. ಕೋಳಿಮರಿಯ ಹಾಗೆ ನೋಡಿಕೊಂಡೆ ಅಂದ. ಆರ್ಡಿಸ್ ಗಾಡಿಯ ಕರೆಂಟು ತೆಗೆಸಿ, ಗೂಡಿನೊಳಗೆ ಅರ್ಧ ಮೈ ತೂರಿಸಿದಳು. ಹಳೇ ಪೆಟ್ಟಿಗೆ ಬಿಚ್ಚಿ ಎಸೆದು, ಸುಟ್ಟ ವೈರನ್ನು ತಾಜಾ ತಾಮ್ರ ಸಿಗುವವರೆಗೆ ಕತ್ತರಿಸಿ, ನಾರು ಗುಡಿಸಿದಳು. ಲೊವೆಲ್ ಟಾರ್ಚ್ ಹಿಡಿದು ನಿಂತಿದ್ದ. ಹೇಳುವುದೇ ಬೇಡ, ಬೆಳಕು ಅವಳ ಮೊಣಕೈ ಮೇಲಿತ್ತು.

“ಕೆಳಗೆ.”

ಕೆಳಗಾಯಿತು.

“ಅಷ್ಟು ಕೆಳಗಲ್ಲ. ನಾನೇನು ಮಣ್ಣು ಅಗೀತಿದ್ದೀನಾ?”

“ನಾನು ಒಂದೆರಡು ಸ್ಕ್ರೂ ಹಾಕ್ಲಾ, ಆರ್ಡಿಸ್? ನಿನ್ನ ಕೈ ಮರಗಟ್ಟಿದೆ.”

ನಿಜವಾಗಿ ಮರಗಟ್ಟಿತ್ತು. ಅವಳು ಹೊರಗೆ ಜಾರಿ, ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟು, ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ಅವನು ಬಗ್ಗಿ ಮೊದಲ ಸ್ಕ್ರೂವನ್ನು ತೂತಿಗೆ ಇಟ್ಟ. ಅದು ಓರೆಯಾಯಿತು. ತೆಗೆದು ಮತ್ತೆ ಇಟ್ಟ. ಮತ್ತೆ ಓರೆ. ಅವಳ ಕೈ ಕಂಕುಳಿನಿಂದ ತಾನಾಗಿ ಹೊರಬಂದು ಸ್ಕ್ರೂಡ್ರೈವರನ್ನು ಕಿತ್ತುಕೊಂಡಿತು. “ಸರಿ, ಸಾಕು, ಆಚೆ ಬಾ,” ಅಂದಳು. ಅವನು ಆಚೆ ಬಂದ. ಮುಖದಲ್ಲಿ ಬೇಸರವೂ ಇರಲಿಲ್ಲ. ಇಂಥದ್ದಕ್ಕೆ ಒಗ್ಗಿಹೋದವನ ಹಾಗೆ ಟಾರ್ಚ್ ಎತ್ತಿಕೊಂಡ.

ಬಟ್ಟಲು ಕೂರಿಸಿ, ಪೆಟ್ಟಿಗೆ ಬಿಗಿದು, ವೈರು ಜೋಡಿಸಿ, ಕರೆಂಟು ಹಾಕಿಸಿದಳು. ನೆಲದಿಂದ ಮಂಜುಗಡ್ಡೆಯ ಚೂರೊಂದನ್ನು ಎತ್ತಿ, ಹೀಟರಿನ ಪಕ್ಕದಲ್ಲಿ ಚಳಿ ಗುರುತಿಸುವ ಪುಟ್ಟ ತಗಡಿನ ಬಿಲ್ಲೆಗೆ ಒತ್ತಿ ಹಿಡಿದಳು. ‘ಟಿಕ್’ ಎಂದಿತು. ಫ್ಯಾನು ತಿರುಗಿ, ಗೂಡಿನಿಂದ ಬೆಚ್ಚನೆಯ ಗಾಳಿ ಅವಳ ಮುಖಕ್ಕೆ ಬಂತು. ಆ ಗಾಳಿಗೆ ಅವಳು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮುಖ ಒಡ್ಡಿಕೊಂಡಿದ್ದಳು. ಜಾಲರಿ ಹಾಕುವುದು ಉಳಿದಿತ್ತು. ಬೆರಳುಗಳು ಇನ್ನು ಯಾವ ಸ್ಕ್ರೂವನ್ನೂ ಹಿಡಿಯುವ ಹಾಗಿರಲಿಲ್ಲ. ನಾಳೆ ನೋಡೋಣ, ಅಲ್ಲಿಯವರೆಗೆ ಗೂಡಿಗೆ ಒಂದು ಹುಲ್ಲುಕಡ್ಡಿಯನ್ನೂ ಇಡಬೇಡ ಎಂದು ಲೊವೆಲ್‌ಗೆ ತಾಕೀತು ಮಾಡಿದಳು.

“ರಾತ್ರಿ ಊಟಕ್ಕೆ ಬನ್ನಿ,” ಎಂದಳು ಕೊರಿನ್. ಧನ್ಯವಾದ ಅವಳ ಬಾಯಲ್ಲಿ ಬರಲಿಲ್ಲ. ಆರ್ಡಿಸ್‌ಗೆ ಅದರಿಂದ ಒಂದು ಥರ ನಿರಾಳವೇ ಆಯಿತು.

ಅವಳು ರಾತ್ರಿ ಹೋದಾಗ ಮೇಜಿನ ಮೇಲೆ ಗಾಜಿನ ದೊಡ್ಡ ತಟ್ಟೆಯಲ್ಲಿ ಹಾಟ್‌ಡಿಶ್ ಇತ್ತು: ಕೆಳಗೆ ಕೈಮ, ಬೀನ್ಸು, ಅಣಬೆ, ಮೇಲೆ ಸಾಲಾಗಿ ಜೋಡಿಸಿದ ಆಲೂಗಡ್ಡೆಯ ಉಂಡೆಗಳು, ಕೆಂಪಗೆ ಗರಿಗರಿಯಾಗಿ. ಆರ್ಡಿಸ್ ಒಂದು ಚಮಚ ಬಾಯಿಗಿಟ್ಟು ನಿಲ್ಲಿಸಿದಳು. ಅಣಬೆ ಡಬ್ಬಿಯದಲ್ಲ, ಬೆಣ್ಣೆಯಲ್ಲಿ ಹುರಿದದ್ದು. ಅವಳ ಅಮ್ಮ ಮಾಡುತ್ತಿದ್ದ ಹಾಗೆ ಜಾಯಿಕಾಯಿಯ ಘಮ ಇತ್ತು.

“ಚೆನ್ನಾಗಿದೆ,” ಎಂದು ಕೊರಿನ್‌ಗೆ ಹೇಳಿದಳು.

“ನಂಗ್ಯಾಕೆ ಹೇಳ್ತೀರಿ? ನಂಗೆ ಮೊಟ್ಟೆ ಬೇಯಿಸೋಕೂ ಬರಲ್ಲ. ಅವನದು ಅಡುಗೆ.”

ಆರ್ಡಿಸ್ ಲೊವೆಲ್‌ನ ಕಡೆ ತಿರುಗಿದಳು. ಅವನು ಒಲೆಯ ಮುಂದೆ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ನಿಂತಿದ್ದ.

“ನೀನು ಯಾವಾಗ ಕಲಿತೆ?”

“ನಿಮ್ಮಮ್ಮ ಹೇಳಿಕೊಟ್ಟಿದ್ರು. ಆಸ್ಪತ್ರೇಲಿ. ಮಲಗಿದ್ದಲ್ಲೇ ಬಾಯಲ್ಲಿ ಹೇಳಿದ್ರು, ನಾನು ನೆನಪಿಟ್ಕೊಂಡೆ.”

“ಇಪ್ಪತ್ತಾರು ವರ್ಷ ನಂಗೆ ಒಂದು ಬ್ರೆಡ್ ಸುಟ್ಟು ಕೊಟ್ಟೋನಲ್ಲ ನೀನು.”

ಲೊವೆಲ್ ತಟ್ಟೆಗೆ ಇನ್ನೊಂದು ಚಮಚ ಬಡಿಸಿದ. ಅವನ ಧ್ವನಿಯಲ್ಲಿ ಆರೋಪವೇನೂ ಇರಲಿಲ್ಲ. ಹವೆಯ ಬಗ್ಗೆ ಹೇಳಿದ ಹಾಗೆ ಹೇಳಿದ. “ನೀನು ಚಾಕು ಕಿತ್ಕೋತಿದ್ಯಲ್ಲ ಮಾರಾಯ್ತಿ. ಈರುಳ್ಳಿ ದಪ್ಪ ಆಯ್ತು ಅಂತ. ಬಾಣಲೆನೂ ಕಿತ್ಕೋತಿದ್ದೆ ನೀನು. ಆಮೇಲಾಮೇಲೆ ಕಿತ್ಕೊಳ್ಳೋದಕ್ಕೆ ಏನೂ ಇಲ್ದಿದ್ರೆ ವಾಸಿ ಅನ್ನಿಸ್ತು. ಟಾರ್ಚ್ ಒಂದನ್ನ ನೀನು ಕಿತ್ಕೋತಿರ್ಲಿಲ್ಲ.”

ಆರ್ಡಿಸ್‌ಗೆ ಉತ್ತರ ಬಾಯಿಗೆ ಬಂದಿತ್ತು. ಈರುಳ್ಳಿ ನಿಜವಾಗಿಯೂ ದಪ್ಪಗಿರುತ್ತಿತ್ತು. ಅವನು ಒಂದು ಹೆಚ್ಚುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಸೋಮಾರಿಗಳಿಗೆಲ್ಲ ಯಾರಾದರೊಬ್ಬರು ತಮ್ಮ ಕೈ ತಡೆದ ಕತೆಯೊಂದು ಇದ್ದೇ ಇರುತ್ತದೆ. ಇದೆಲ್ಲ ನಿಜವೇ. ಆದರೆ ಅವಳ ಕೈ ಇನ್ನೂ ಸ್ಕ್ರೂಡ್ರೈವರಿನ ಹಿಡಿಯ ನೋವನ್ನು ಇಟ್ಟುಕೊಂಡಿತ್ತು. ಮಧ್ಯಾಹ್ನ ಆ ಸ್ಕ್ರೂಗೆ ಮೂರನೇ ಸಲ ಅವಕಾಶ ಕೊಟ್ಟಿದ್ದರೆ ನೆಟ್ಟಗೆ ಹೋಗುತ್ತಿತ್ತೇನೋ. ಹೋಗುತ್ತಿರಲಿಲ್ಲವೇನೋ. ಅವಳು ನೋಡಲು ನಿಂತಿರಲಿಲ್ಲ. ಯಾವತ್ತೂ ನಿಂತಿರಲಿಲ್ಲ.

ಕೊರಿನ್ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿ, ತಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದವಳಂತೆ ಉಪ್ಪು ಹಾಕಿಕೊಂಡಳು.

“ಇನ್ನೊಂದು ಸ್ವಲ್ಪ ಹಾಕು,” ಎಂದಳು ಆರ್ಡಿಸ್, ತಟ್ಟೆ ಮುಂದೆ ಮಾಡಿ. ಲೊವೆಲ್ ಅಷ್ಟಕ್ಕೇ ಬಿಡಲಿಲ್ಲ. ಊಟ ಮುಗಿಯುವವರೆಗೆ ಅಣಬೆ ಹುರಿಯುವ ವಿದ್ಯೆಯ ಬಗ್ಗೆ ಉಪನ್ಯಾಸ ಕೊಟ್ಟ. ಮೂರು ನಿಮಿಷದಲ್ಲಿ ಅವಳಿಗೆ ಮತ್ತೆ ಮೊದಲಿನಷ್ಟೇ ರೋಸಿಹೋಯಿತು.

ಮರುದಿನ ಬಿಸಿಲು ಬಂತು. ಮಧ್ಯಾಹ್ನದಿಂದ ಕಟಾವು ಶುರು ಎಂದು ಮೇಸ್ತ್ರಿ ಸುದ್ದಿ ಕಳಿಸಿದ. ಆರ್ಡಿಸ್ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಾಗ ಲೊವೆಲ್ ಬಂದು, ಜಾಲರಿ ಹಾಕಬೇಕಿತ್ತು, ಸ್ಕ್ರೂಡ್ರೈವರ್ ಕೊಡ್ತೀಯಾ, ಎಂದು ಕೇಳಿದ. ಅವಳು ಪೆಟ್ಟಿಗೆಯಿಂದ ತೆಗೆದು ಕೊಟ್ಟಳು.

“ನೀನು ಬರಲ್ವಾ?”

“ಇಲ್ಲ.”

ಅವನು ಒಂದು ಗಳಿಗೆ ನಿಂತು, ಹೋದ. ಮೈದಾನದ ಆ ಕಡೆ ಗೂಡಿನ ಬಾಗಿಲು ಎತ್ತಿ, ಮಂಡಿಯೂರಿದ. ಹಾಲಿಸ್ ಬಂದು ಪಕ್ಕದಲ್ಲಿ ನಿಂತು ಏನೋ ಹೇಳಿದ. ಒಂದು ಸ್ಕ್ರೂ ಕೆಳಗೆ ಬಿತ್ತು. ಇಬ್ಬರೂ ನೆಲದ ಮೇಲೆ ಹುಡುಕಿದರು. ಲೊವೆಲ್ ಜಾಲರಿಯನ್ನು ಎತ್ತಿ ಗೋಡೆಗೆ ಹಿಡಿದ. ತಲೆಕೆಳಗಾಗಿ. ಇಷ್ಟು ದೂರದಿಂದಲೂ ಕಾಣುತ್ತಿತ್ತು. ಬಾಗಿದ ಅಂಚು ಮೇಲೆ ಬರಬೇಕಿದ್ದದ್ದು ಕೆಳಗಿತ್ತು.

ಆರ್ಡಿಸ್ ಅರ್ಧ ಎದ್ದಳು. ‘ಕತ್ತೆ’ ಎಂದು ಮೆಲ್ಲಗೆ, ತನಗಷ್ಟೇ ಕೇಳುವಂತೆ ಬೈದಳು. ತಲೆಕೆಳಗಾದರೂ ಗಾಳಿ ಆಡುತ್ತದೆ, ಚಾಪೆ ತಾಗುವುದಿಲ್ಲ. ಮತ್ತೆ ಕೂತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವನು ನಾಲ್ಕನೇ ಸ್ಕ್ರೂ ತಿರುಗಿಸಿ ಮುಗಿಸುವವರೆಗೂ ಅಲ್ಲೇ ಕೂತು ನೋಡಿದಳು. ಬಹಳ ಹೊತ್ತು ಹಿಡಿಯಿತು.